ದೂಧಸಾಗರ ನೋಡಾಕ ಹೊಂಟವರು ಪದೇ ಪದೇ ಕೇಳೂ ಪ್ರಶ್ನೆಗಳು

ನಾನು ಜತ್ತ ತಾಲೂಕಿನ ಒಂದು ಹಳ್ಳ್ಯಾಗ ಕನ್ನಡ ಶಾಲಿ ಮಾಸ್ತರ. ಸಾಂಗಲಿ ಜಿಲ್ಲಾ, ಮಹಾರಾಷ್ಟ್ರ, ಆದ್ರ ಮನ್ಯಾಗ ಮಾತು ಕನ್ನಡ. ಟ್ಯಾಂಕರ್ ಬರೂ ದಾರಿ ಕಾಯ್ಕೋತ ಬೆಳೆದ ಮಂದಿ ನಾವು, ಅದಕ್ಕ ಇರಬೇಕು, ದೂಧಸಾಗರ ಫಾಲ್ಸಿಗೆ ಹೋಗಿ ಬಂದೀನಿ ಅಂತ ಒಬ್ಬರಿಗೆ ಹೇಳಿದ್ರ ಸಾಕು, ಸಂತಿಯೊಳಗ, ಮದವಿ ಮನ್ಯಾಗ, ವಾಟ್ಸಾಪಿನಾಗ ಎಲ್ಲಾ ಕಡೆ ಅದ ಪ್ರಶ್ನೆ ಬರ್ತಾವು. ರೈಲಿನಾಗ, ಜೀಪಿನಾಗ, ಮಳಿಯೊಳಗ, ಬ್ಯಾಸಿಗ್ಯಾಗ ಹಿಂಗ ಬ್ಯಾರೆ ಬ್ಯಾರೆ ಸಲ ಹೋಗಿ ನೋಡಿದ್ದನ್ನ ಇಲ್ಲೆ ಒಂದ ಕಡೆ ಬರದ ಇಟ್ಟೀನಿ. ಪ್ರಶ್ನೆ ಅವರು ಕೇಳಿದಂಗ ಇಟ್ಟೀನಿ.

## ಮೊದಲನೇ ಸಲ ಹೋಗವರಿಗೆ

ಮಾಸ್ತರ, ದೂಧಸಾಗರ ಕರ್ನಾಟಕದಾಗ ಐತೋ ಗೋವಾದಾಗೋ? ಎಷ್ಟ ಎತ್ತರ ಐತ್ರಿ?

ಫಾಲ್ಸ್ ಇರೂದು ಗೋವಾದಾಗ, ಕರ್ನಾಟಕದ ಗಡಿ ಹತ್ತಿರನ. ಭಗವಾನ್ ಮಹಾವೀರ ಅಭಯಾರಣ್ಯ ಮತ್ತ ಮೋಲೆಂ ರಾಷ್ಟ್ರೀಯ ಉದ್ಯಾನದ ಕಾಡು ಅದು, ಆಚಿ ಕಡೆ ಘಾಟಿನ ಮ್ಯಾಲಿನ ರೈಲ್ವೆ ಸ್ಟೇಷನ್ ಕ್ಯಾಸಲ್ ರಾಕ್ ಉತ್ತರ ಕನ್ನಡದ ಜೋಯಿಡಾ ತಾಲೂಕಿಗೆ ಸೇರತೈತಿ. ಎತ್ತರ 310 ಮೀಟರ್, ನಾಕು ಹಂತದಾಗ ನೀರು ಇಳಿತೈತಿ. ನಮ್ಮ ಜೋಗ 253 ಮೀಟರ್ ಅಂದ್ರ ಲೆಕ್ಕಾ ಹಾಕ್ರಿ. ಆದ್ರ ಜೋಗದಾಗ ನೀವು ಮ್ಯಾಲ ನಿಂತು ಕೆಳಗ ನೋಡ್ತೀರಿ, ಇಲ್ಲೆ ಬುಡದಾಗ ನಿಂತು ಕುತ್ತಿಗಿ ಎತ್ತಿ ನೋಡಬೇಕು. ಮೊದಲನೇ ಸಲ ನೋಡಿದಾಗ ನನಗ ಎತ್ತರ ತಿಳೀಲೇ ಇಲ್ಲ, ನಡುವ ಸೇತುವೆ ಮ್ಯಾಲ ಒಂದು ರೈಲು ಬಂತು, ಅದು ಹುಡುಗರ ಆಟಿಗಿ ಸಾಮಾನದಷ್ಟ ಕಂಡಾಗ ತಿಳೀತು.

ಜತ್ತದಿಂದ ಹೋಗೂದು ಹೆಂಗ್ರಿ? ಎಲ್ಲಿ ಇಳೀಬೇಕು?

ಇಳಿಯೂ ಊರು ಕುಳೆಂ. ಜೀಪ್ ಸಿಗೂದು ಅಲ್ಲೇ. ರಸ್ತಾದ ಮ್ಯಾಲ ಹೋಗವರು ಅಥಣಿ, ಚಿಕ್ಕೋಡಿ ಮ್ಯಾಲಿಂದ ಬೆಳಗಾವಿ, ಅಲ್ಲಿಂದ ಖಾನಾಪುರ, ರಾಮನಗರ, ಅನಮೋಡ ಘಾಟ್ ಇಳಿದು ಮೋಲೆಂ, ಮೋಲೆಂದಿಂದ ಕುಳೆಂ ಹತ್ತಿರನ. ರೈಲಿಗೆ ಹೋಗವರು ಮೀರಜ್‌ಗೆ ಬಂದು ಹತ್ತಬೇಕು, ಬೆಳಗಾವಿ, ಲೋಂಡಾ, ಕ್ಯಾಸಲ್ ರಾಕ್ ಮ್ಯಾಲಿಂದ ಘಾಟ್ ಇಳಿತೈತಿ. ಒಂದ ದಿನದಾಗ ಹೋಗಿ ಬರ್ತೀವಿ ಅನ್ನವರಿಗೆ ನಾ ಬ್ಯಾಡ ಅಂತೀನಿ. ರಾತ್ರಿ ಎಲ್ಲಾ ಗಾಡಿ ಹೊಡದು, ಹಗಲಿ ಬಂಡಿಗಲ್ಲಿನ ಮ್ಯಾಲ ನಡದು, ತಿರಗಿ ರಾತ್ರಿ ಘಾಟ್ ಹತ್ತಿಸಿದ್ರ ಡ್ರೈವರ್‌ಗೆ ನಿದ್ದಿ ಹತ್ತೇ ಹತ್ತತೈತಿ. ಹಿಂದಿನ ದಿನ ಬೆಳಗಾವ್ಯಾಗೋ ಮೋಲೆಂದಾಗೋ ಮಲಗ್ರಿ.

ಯಾವ ತಿಂಗಳ ಛಲೋ?

ಇದಕ್ಕ ಒಂದ ಉತ್ತರ ಇಲ್ಲ, ಎರಡು ಅದಾವು. ನೀರು ನೋಡಬೇಕಂದ್ರ ಜುಲೈ, ಆಗಸ್ಟ್. ಆದ್ರ ಆವಾಗ ಜೀಪ್ ಬಂದ್ ಇರ್ತಾವು, ಹಳ್ಳದಾಗ ನೀರು ಏರಿರತೈತಿ, ಕಾಡಿನೊಳಗ ಬಿಡಂಗಿಲ್ಲ. ಆ ಟೈಮಿಗೆ ರೈಲಿನ ಕಿಟಕಿನೇ ಗತಿ. ಬುಡಕ್ಕ ಹೋಗಿ ನಿಂದ್ರಬೇಕಂದ್ರ ಅಕ್ಟೋಬರ್‌ದಿಂದ ಮೇ ತನಕ ಜೀಪ್ ಸೀಜನ್. ಅದರಾಗ ಅಕ್ಟೋಬರ್ ಕಡೀಕ, ನವೆಂಬರ್, ಡಿಸೆಂಬರ್ ಶುರುವಿಗೆ ಹೋದ್ರ ನೀರೂ ಇರತೈತಿ, ದಾರಿನೂ ಇರತೈತಿ. ಮಳಿ ಹೆಚ್ಚಾದ ವರ್ಷ ಜೀಪ್ ಶುರು ಆಗೂದು ತಡ ಆಗತೈತಿ, ಅದಕ್ಕ ಅಕ್ಟೋಬರ್ ಮೊದಲನೇ ವಾರದಾಗ ಹೊಂಟವರು ಕೇಳ್ಕೊಂಡ ಹೊರಡ್ರಿ. ಏಪ್ರಿಲ್ ಮೇದಾಗ ಹುಡುಗರ ಸೂಟಿ ಐತಿ ಅಂತ ಹೋಗ್ತಾರ, ಆವಾಗ ಬಂಡಿ ಮ್ಯಾಲ ನಾಕ ಎಳಿ ನೀರು ಇಳಿತಿರತೈತಿ ಅಷ್ಟ. ದೀಪಾವಳಿ ಸೂಟ್ಯಾಗ ಹೋಗ್ರಿ, ಅದ ನನ್ನ ಮಾತು.

ನಮ್ಮ ಬೊಲೆರೋನ ಐತಿ, ಅದ ತಗೊಂಡ ಹೋಗಬಹುದಲ್ಲ ಮಾಮಾ?

ಕುಳೆಂ ತನಕ ಅಷ್ಟ. ಅಲ್ಲಿಂದ ಮುಂದ ಅರಣ್ಯ ಇಲಾಖೆ ಪರವಾನಗಿ ಇದ್ದ ಜೀಪಿಗೆ ಮಾತ್ರ ಬಿಡ್ತಾರ. ಹತ್ತ ಹನ್ನೆರಡು ಕಿಲೋಮೀಟರ್ ದಾರಿ, ಮುಕ್ಕಾಲು ತಾಸಿಂದ ಒಂದ ತಾಸು ಹಿಡೀತೈತಿ, ನಡುವ ಹರಿಯೂ ಹಳ್ಳದಾಗ ಜೀಪ್ ಇಳದು ದಾಟತೈತಿ, ನೀರು ಗಾಲಿ ಮುಳಗೂಹಂಗ ಬರತೈತಿ. ಒಂದ ಜೀಪಿನಾಗ ಏಳು ಮಂದಿ. ನೀವು ಮೂರೇ ಮಂದಿ ಇದ್ರ ಕೌಂಟರ್ ಹತ್ತಿರ ನಿಂತು ಬ್ಯಾರೆಯವರ ಜೋಡಿ ಕೂಡ್ಕೋಬಹುದು. ಬೆಳಿಗ್ಗೆ ಕೌಂಟರ್ ತೆಗೆಯೂದರೊಳಗ ಅಲ್ಲೆ ಇರ್ರಿ, ರವಿವಾರ ಮತ್ತ ಸಾಲು ರಜಾದಾಗ ಗೋವಾ ಟೂರಿಸ್ಟ್ ಬಸ್ಸು ಬಂದ ಮ್ಯಾಲ ಪಾಳಿ ಕರಗಂಗಿಲ್ಲ.

ಅವ್ವಗ ಮೊಣಕಾಲು ನೋವು, ಕರ್ಕೊಂಡ ಹೋಗಬಹುದಾ ಸರ್?

ಜೀಪು ಫಾಲ್ಸಿನ ಬುಡಕ್ಕ ಹೋಗಂಗಿಲ್ಲ. ಕಡೀಗೆ ಬಂಡಿ, ಬೇರು, ಸಣ್ಣ ಹಳ್ಳ ದಾಟಿ ಒಂದ ಹದಿನೈದು ಇಪ್ಪತ್ತ ನಿಮಿಷ ನಡೀಬೇಕು. ಗಟ್ಟಿ ಇದ್ದವರಿಗೆ ಏನೂ ಅಲ್ಲ, ಮೊಣಕಾಲು ನೋವಿದ್ದವರಿಗೆ ಇಳಿಯೂದು ಭಾಳ ತ್ರಾಸ. ಜೀಪಿನ ಕುಲುಕಾಟನೂ ಸೊಂಟಕ್ಕ ಬಡಿತೈತಿ. ನಮ್ಮ ಅವ್ವನ್ನ ನಾ ಜೀಪಿನಾಗ ಒಯ್ಯಲಿಲ್ಲ, ರೈಲಿನಾಗ ಒಯ್ದೆ. ಕಿಟಕಿ ಕಡೆ ಕುಂದರಿಸಿದ್ದೆ. ಸೇತುವೆ ಮ್ಯಾಲ ಗಾಡಿ ಬಂದಾಗ ನೀರಿನ ತುಂತುರು ಒಳಗ ಬಂದು ಮಾರಿ ಮ್ಯಾಲ ಬಿತ್ತು. ಎರಡೂ ಕೈ ಜೋಡಿಸಿ "ಗಂಗವ್ವ" ಅಂದ್ಲು, ಮೀರಜ್ ಬರೂತನಕ ಮತ್ತ ಮಾತಾಡಲಿಲ್ಲ. ಅದಕ್ಕ ವಯಸ್ಸಾದವರು ಇದ್ದ ಮನಿಯವರಿಗೆಲ್ಲಾ ನಾನು ರೈಲ ಹೇಳ್ತೀನಿ.

ಗೋಕಾಕ ಹತ್ತಿರ ಐತಲ್ಲ, ಅಷ್ಟ ದೂರ ಯಾಕ?

ಗೋಕಾಕನೂ ನೋಡ್ರಿ, ಘಟಪ್ರಭಾ ತುಂಬಿ ಕೆಂಪಗ ಬೀಳೂದು ಬ್ಯಾರೆನ ಛಂದ, ಎತ್ತರ ಸುಮಾರು 52 ಮೀಟರ್. ಅಲ್ಲಿ ಊರು ಐತಿ, ಮಿಲ್ಲು ಐತಿ, ಚಹಾದಂಗಡಿ ಐತಿ. ದೂಧಸಾಗರದ ಸುತ್ತ ಕಾಡು ಬಿಟ್ರ ಏನೂ ಇಲ್ಲ. ಬಯಲುಸೀಮಿ ಹುಡುಗರು ಒಂದ ಸಲನಾದ್ರೂ ಬಿಸಿಲು ನೆಲಕ್ಕ ಮುಟ್ಟದ ಕಾಡು ನೋಡಬೇಕು, ಅದಕ್ಕ ದೂರ ಹೋಗ್ರಿ ಅಂತೀನಿ.

ಬುತ್ತಿ ಕಟ್ಕೋಬೇಕಾ? ಹೋಟೆಲ್ ಇರತಾವಾ?

ಕುಳೆಂದಾಗ ಹೋಟೆಲ್ ಅದಾವು, ಕಾಡಿನೊಳಗ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡ ಹೋಗ್ರಿ, ಆದ್ರ ಜೀಪ್ ಹತ್ತೂ ಮೊದಲ ಕುಳೆಂದಾಗ ಉಣ್ರಿ ಇಲ್ಲಾಂದ್ರ ವಾಪಸ್ ಬಂದು ಉಣ್ರಿ. ಫಾಲ್ಸ್ ಹತ್ತಿರ ಗಂಟು ಬಿಚ್ಚಿದ್ರ ಮಂಗ್ಯಾ ಬಿಡಂಗಿಲ್ಲ, ಕೈಯಾಗಿನ ಚೀಲ ಕಸ್ಕೊಂಡ ಹೋಗ್ತಾವು. ನಮ್ಮ ಶಾಲಿ ಹುಡುಗಿ ಒಬ್ಬಾಕಿಗೆ ಪರಚಿತ್ತು, ಆಸ್ಪತ್ರಿಗೆ ಹೋಗಿ ರೇಬೀಸ್ ಸೂಜಿ ಹಾಕಿಸಬೇಕಾತು. ಪ್ಲಾಸ್ಟಿಕ್ ಚೀಲದ ಸಪ್ಪಳ ಅವುಕ್ಕ ಚಲೋ ಗೊತ್ತೈತಿ. ನೀರಿಗೆ ಮನಿಯಿಂದ ಸ್ಟೀಲ್ ಬಾಟ್ಲಿ ತಗೊಂಡ ಹೋಗ್ರಿ.

## ಒಂದ ಸಲ ಹೋಗಿ ಬಂದವರು, ಮಳಿಗಾಲದಾಗ ಹೊಂಟವರು ಕೇಳೂವು

ರೈಲಿನಾಗಿಂದ ನೋಡಬೇಕಂದ್ರ ಯಾವ ಗಾಡಿ ಹತ್ತಬೇಕು?

ಮಂದಿ ತಪ್ಪು ಮಾಡೂದು ಇಲ್ಲೇ. ದಿಲ್ಲಿ ಕಡಿಂದ ಮೀರಜ್ ಮ್ಯಾಲ ಬರೂ ಗೋವಾ ಎಕ್ಸ್‌ಪ್ರೆಸ್ ಹತ್ತಿ ಕುಂತ್ರ ಘಾಟ್ ಇಳಿಯೂದು ರಾತ್ರಿ, ಕತ್ತಲದಾಗ ಸಪ್ಪಳ ಕೇಳತೈತಿ ಅಷ್ಟ. ಅದ ಗಾಡಿ ವಾಪಸ್ ಬರೂವಾಗ ವಾಸ್ಕೋದಿಂದ ಮಧ್ಯಾಹ್ನ ಬಿಡತೈತಿ, ಮಡಗಾಂವ ದಾಟಿ ಸಂಜಿ ಬೆಳಕಿರೂತನ ಘಾಟ್ ಹತ್ತತೈತಿ. ಅಂದ್ರ ಹೋಗೂದು ಹೆಂಗರ ಹೋಗ್ರಿ, ಬರೂದು ಆ ಗಾಡಿಗೆ ಬರ್ರಿ. ಟೈಮ್ ಟೇಬಲ್ ಬದಲಾಗ್ತಿರತೈತಿ, ಟಿಕೆಟ್ ತಗಸೂ ಮುಂದ ಕುಳೆಂ ಮತ್ತ ಕ್ಯಾಸಲ್ ರಾಕ್ ಟೈಮ್ ನೋಡ್ರಿ, ಎರಡರ ನಡುವ ಹಗಲು ಇರಬೇಕು. ಮಳಿಗಾಲದಾಗ ಘಾಟಿನಾಗ ಸಂಜಿ ಲಗೂನ ಕತ್ತಲ ಆಗತೈತಿ, ಅದನ್ನೂ ಲೆಕ್ಕಕ್ಕ ಹಿಡೀರಿ.

ಇನ್ನೊಂದು, ಎಸಿ ಡಬ್ಬಿಯ ಗಾಜಿನ ಮ್ಯಾಲ ಮಂಜು ಕುಂತು ಏನೂ ಕಾಣಂಗಿಲ್ಲ. ಸ್ಲೀಪರ್ ತಗೋರಿ, ಕಿಟಕಿ ಏರಿಸಿ ಕೂಡ್ರಿ. ಫಾಲ್ಸು ಒಂದ ಕಡೆ ಮಾತ್ರ ಕಾಣೂದಲ್ಲ, ಸೇತುವೆ ಮ್ಯಾಲ ಮಗ್ಗಲದಾಗ ಕಾಣತೈತಿ, ಹಳಿ ಕೊಳ್ಳ ಸುತ್ತಿ ತಿರುಗೂವಾಗ ದೂರದಿಂದ ಪೂರ್ತಿ ಕಾಣತೈತಿ. ಬಾಗಲದಾಗ ಜೋತು ಬಿದ್ದು ಮೊಬೈಲ್ ಹಿಡೀಬ್ಯಾಡ್ರಿ, ಸುರಂಗದ ಗೋಡಿ ಭಾಳ ಹತ್ತಿರ ಬರ್ತಾವು.

ಅಣ್ಣಾ, ಹಳಿ ಮ್ಯಾಲ ನಡ್ಕೋತ ಹೋಗೂ ಟ್ರೆಕ್ ಐತಲ್ಲ, ರೀಲ್ಸ್‌ದಾಗ ನೋಡೀನಿ, ನಾವು ದೋಸ್ತರು ಹೋಗಬೇಕಂತೀವಿ

ಹೋಗಬ್ಯಾಡ್ರಿ. ಮೊದಲ ಮಂದಿ ಹೋಗತಿದ್ರು, ನಾನೂ ಹುಡುಗ ಇದ್ದಾಗ ಕ್ಯಾಸಲ್ ರಾಕ್‌ದಿಂದ ಹಳಿ ಹಿಡದು ನಡದೀನಿ, ಅದಕ್ಕ ಹೇಳ್ತೀನಿ. ಮಳಿ ಸಪ್ಪಳದಾಗ ಗಾಡಿ ಬಂದದ್ದು ಕೇಳಂಗಿಲ್ಲ. ನಾವು ಒಂದು ಸುರಂಗದೊಳಗ ಅರ್ಧಕ್ಕ ಇದ್ವಿ, ಹಿಂದಿಂದ ಎಂಜಿನ್ ದೀಪ ಬಂತು. ಗೋಡಿಗೆ ಬೆನ್ನ ಹಚ್ಚಿ ನಿಂತೀವಿ, ಡಬ್ಬಿ ಒಂದೊಂದ ಎದಿ ಮುಂದ ಹಾದು ಹೋಗೂತನ ಉಸಿರು ಬಿಡಲಿಲ್ಲ. ನನ್ನ ಜೋಡಿ ಬಂದ ಗೆಳ್ಯಾ ಇವತ್ತಿಗೂ ಆ ಮಾತು ತಗದ್ರ ಎದ್ದು ಹೊರಗ ಹೋಗ್ತಾನ.

ಕಾನೂನು ಹೇಳಬೇಕಂದ್ರ ರೈಲ್ವೆ ಕಾಯ್ದೆ ಸೆಕ್ಷನ್ 147 ಪ್ರಕಾರ ಹಳಿ ಮ್ಯಾಲ ಅಡ್ಡಾಡೂದು ಗುನ್ಹೆ, ಆರು ತಿಂಗಳ ತನಕ ಜೈಲು ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಇಲ್ಲಾ ಎರಡೂ. 2023ರ ಜುಲೈದಾಗ ಒಂದ ರವಿವಾರ ನೂರಾರು ಹುಡುಗರು ಸೇರಿದ್ರು, ಪೊಲೀಸರು ತಡದು ಬಸ್ಕಿ ಹೊಡಿಸಿದ ವಿಡಿಯೋ ಎಲ್ಲಾರ ಫೋನಿನಾಗೂ ಬಂತು. ಡಬ್ಬಿಯೊಳಗಿಂದ ನೋಡ್ರಿ, ಇಳಿಬ್ಯಾಡ್ರಿ ಅಂತ ನೈಋತ್ಯ ರೈಲ್ವೆಯವರು ಆವಾಗ ಎಲ್ಲಾರಿಗೂ ಹೇಳಿದ್ರು. ದೂಧಸಾಗರ ಅನ್ನೂ ಸ್ಟೇಷನ್ ಬೋರ್ಡ್ ಐತಿ, ಗಾಡಿ ಬ್ರೇಕ್ ನೋಡಾಕ ಅಲ್ಲೆ ನಿಂತ್ರೂ ನಿಲ್ಲಬಹುದು, ಅದು ನಮಗ ಇಳಿಯಾಕ ಅಲ್ಲ.

ನನಗ ಬಾವ್ಯಾಗ ಈಸಿ ರೂಢಿ ಐತಿ, ಲೈಫ್ ಜಾಕೆಟ್ ಯಾಕ ಬೇಕು?

ಬಾವಿ ನೀರು ನಿಂತಿರತೈತಿ, ಇದು ನಿಂದ್ರಂಗಿಲ್ಲ. ನಮ್ಮ ಕಡಿಯವರಿಗೆ ತಿಳಿಯದ ಮಾತು ಇದ. ಮ್ಯಾಲಿಂದ ಬಿದ್ದ ನೀರು ತಳಕ್ಕ ಹೋಗಿ ತಿರುಗಿ ಮ್ಯಾಲ ಬರತೈತಿ, ಆ ಸುಳಿಯೊಳಗ ಸಿಕ್ಕವನ್ನ ತಿರಗಾ ಮುರಗಾ ಅಲ್ಲೇ ಎಳಿತೈತಿ. ಹಾಲಿನಂಗ ನೊರಿ ಇದ್ದ ನೀರಿನಾಗ ಗಾಳಿ ತುಂಬಿರತೈತಿ, ಅದರಾಗ ಮೈ ತೇಲೂದು ಕಡಿಮಿ, ಎಷ್ಟ ಕೈ ಬಡದ್ರೂ ಹಿಡಿತ ಸಿಗಂಗಿಲ್ಲ. ಬಂಡಿ ಮ್ಯಾಲ ಪಾಚಿ ಇರತೈತಿ. ಮ್ಯಾಲ ಕಾಡಿನಾಗ ಮಳಿ ಆಗಿ ಇಲ್ಲೆ ಬಿಸಿಲಿದ್ರೂ ನೀರು ಒಮ್ಮೆಲೆ ಏರಬಹುದು, ನೀರಿನ ಬಣ್ಣ ಬದಲಾತು, ಎಲಿ ಕಡ್ಡಿ ತೇಲಿ ಬಂದ್ವು ಅಂದ್ರ ಅವಾಗ ಮ್ಯಾಲ ಬರಬೇಕು, ಫೋಟೋ ಆಮ್ಯಾಲ.

ಜಾಕೆಟ್ ಹಾಕ್ಕೊಳ್ಳದ ಹೊಂಡದಾಗ ಇಳಸಂಗಿಲ್ಲ, ಹಾಕ್ಕೊಂಡ್ರೂ ನೀರು ಬೀಳೂ ಜಾಗಕ್ಕ ಹೋಗಬ್ಯಾಡ್ರಿ. 2023ರ ಜುಲೈದಾಗನ ಗೋವಾದ ಬ್ಯಾರೆ ಒಂದು ಫಾಲ್ಸಿನಾಗ ಇಬ್ಬರು ಮುಳುಗಿ ಸತ್ರು, ಅದಾದ ಮ್ಯಾಲ ಅಭಯಾರಣ್ಯದಾಗಿನ ಫಾಲ್ಸಿಗೆ ಮಳಿಗಾಲದಾಗ ಹೋಗೂದ ಬಂದ್ ಮಾಡಿದ್ರು. ಕುಡದು ನೀರಿಗೆ ಇಳಿಯವರ ಜೋಡಿ ನಾನು ಒಂದ ಜೀಪಿನಾಗೂ ಕೂಡಂಗಿಲ್ಲ.

ಇಂಬಳ, ಹಾವು, ಹುಲಿ ಎಲ್ಲಾ ಇರತಾವಂತಲ್ಲ?

ಅದಾವು, ಅವುರ ಮನಿ ಅದು. ಕಾಡಕೋಣ, ಚಿರತಿ, ಕಾಳಿಂಗ ಸರ್ಪ, ಕೆಂದಳಿಲು, ಹಾರೂ ಓತಿಕ್ಯಾತ. ಜೀಪ್ ದಾರಿಯೊಳಗ ಹಗಲಿನಾಗ ನಿಮಗ ಕಾಣೂದು ಮಂಗ್ಯಾ ಮತ್ತ ಹಕ್ಕಿ. ಇಂಬಳ ಅಂದ್ರ ನಮ್ಮ ಜಿಗಳಿ ಇದ್ದಂಗ, ಮಳಿಗಾಲದಾಗ ನೆಲದ ಮ್ಯಾಲ ಇರತೈತಿ, ಹತ್ತಿದ್ರ ಜಗ್ಗಬ್ಯಾಡ್ರಿ, ಉಗುರಿನಿಂದ ಮೆಲ್ಲಕ ಸರಿಸಿದ್ರ ಬಿಡತೈತಿ, ರಕ್ತ ಸ್ವಲ್ಪ ಹೊತ್ತು ಸೋರತೈತಿ, ಭಯ ಇಲ್ಲ.

ನಾ ಹೆಚ್ಚು ಹೆದರೂದು ಉಣ್ಣಿಗೆ. ಮಂಗನ ಕಾಯಿಲೆ ಅಂತ 1957ರಾಗ ಶಿವಮೊಗ್ಗ ಕಡೆ ಕ್ಯಾಸನೂರು ಕಾಡಿನಾಗ ಮೊದಲ ಕಂಡದ್ದು, ಆಮ್ಯಾಲ ಗೋವಾದ ಸತ್ತರಿ ತಾಲೂಕಿನಾಗೂ ಬಂತು. ಸಣ್ಣ ಉಣ್ಣಿ ಕಡದು ಬರೂ ಜ್ವರ ಅದು, ಡಿಸೆಂಬರ್‌ದಿಂದ ಮೇ ತನಕ ಹೆಚ್ಚು, ಅಂದ್ರ ಜೀಪ್ ಸೀಜನ್ನಿನಾಗನ. ಪೂರಾ ತೋಳಿನ ಅಂಗಿ ಹಾಕ್ರಿ, ಒಣಗಿದ ಎಲಿ ರಾಶಿ ಮ್ಯಾಲ ಕೂಡಬ್ಯಾಡ್ರಿ, ಮನಿಗೆ ಬಂದು ಬಿಸಿನೀರಿನಾಗ ಜಳಕ ಮಾಡಿ ಅರಿವಿ ತೊಳೀರಿ. ಸತ್ತ ಮಂಗ್ಯಾ ಕಂಡ್ರ ಹತ್ತಿರ ಹೋಗದ ಅರಣ್ಯ ಇಲಾಖೆಯವರಿಗೆ ಹೇಳ್ರಿ. ಹೋಗಿ ಬಂದು ಜ್ವರ ಬಂದ್ರ ಡಾಕ್ಟರ್‌ಗೆ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳ್ರಿ, ನಮ್ಮ ಬಯಲುಸೀಮಿ ಡಾಕ್ಟರ್ ತಾನಾಗಿ ಕೇಳಂಗಿಲ್ಲ.

ಅಲ್ಲೆ ಫೋನ್ ಹತ್ತತೈತೇನ್ರಿ?

ಹತ್ತಂಗಿಲ್ಲ. ಕುಳೆಂದಾಗ ಮನಿಗೆ ಹೇಳಿ ಹೋಗ್ರಿ, ಎಷ್ಟ ಗಂಟೆಕ್ಕ ಹೊರಗ ಬರ್ತೀವಿ ಅಂತ.

## ಒಳಗಿನ ವಿಷಯ ಕೇಳವರಿಗೆ

ಅಷ್ಟ ನೀರು ಅಲ್ಲೆ ಬಿದ್ರ, ನಮ್ಮ ಜತ್ತಕ್ಕ ಯಾಕ ಮಳಿ ಬರಂಗಿಲ್ಲ? ಮೋಡ ಅದಾವಲ್ಲ

ಶಾಲ್ಯಾಗ ಹುಡುಗರು ಕೇಳೂ ಪ್ರಶ್ನೆ ಇದು, ದೊಡ್ಡವರೂ ಕೇಳ್ತಾರ. ಅರಬ್ಬಿ ಸಮುದ್ರದ ಮ್ಯಾಲಿಂದ ಬರೂ ಗಾಳಿಯೊಳಗ ನೀರು ತುಂಬಿರತೈತಿ. ಅದಕ್ಕ ಸಹ್ಯಾದ್ರಿ ಗೋಡಿ ಅಡ್ಡ ಬರತೈತಿ, ದಾಟಬೇಕಂದ್ರ ಗಾಳಿ ಮ್ಯಾಲ ಏರಬೇಕು, ಏರಿದಂಗ ತಂಪಾಗತೈತಿ, ತಂಪಾದ್ರ ಹೊತ್ತ ನೀರು ಅಲ್ಲೇ ಸುರೀತೈತಿ. ಗುಡ್ಡ ದಾಟಿ ಈ ಕಡೆ ಇಳಿಯೂವಾಗ ಗಾಳಿ ಬಿಸಿ ಆಗತೈತಿ, ಅದರಾಗ ಉಳದಿದ್ದೂ ಆರತೈತಿ. ನಾವು ಇರೂದು ಆ ಗೋಡಿಯ ನೆರಳಿನಾಗ. ಜೂನದಾಗ ನಮ್ಮ ಹೊಲದ ಮ್ಯಾಲ ಓಡಿ ಹೋಗೂ ಬಿಳಿ ಮೋಡ ಅಂದ್ರ ಅಲ್ಲೆ ಖಾಲಿ ಆಗಿ ಬಂದ ಮೋಡ. ಅನಮೋಡ ಘಾಟ್ ಇಳಿಯೂವಾಗ ಹುಡುಗರಿಗೆ ಇದನ್ನ ಕಣ್ಣಲೇ ತೋರಿಸ್ರಿ, ಖಾನಾಪುರ ದಾಟಿದ ಮ್ಯಾಲ ಗಿಡದ ಎತ್ತರ ಬದಲಾಗೂದು, ಮಣ್ಣಿನ ಬಣ್ಣ ಬದಲಾಗೂದು ಎಲ್ಲಾ ಕಾಣತೈತಿ. ಪುಸ್ತಕದಾಗ ಮಳೆನೆರಳು ಅಂತ ಎರಡ ಸಾಲು ಓದಿಸೂದಕ್ಕಿಂತ ಇದು ಮನಸ್ಸಿಗೆ ನಾಟತೈತಿ.

ಹಾಲಿನ ಸಮುದ್ರ ಅಂತ ಹೆಸರು ಯಾಕ ಬಂತು? ಏನೋ ರಾಜಕುಮಾರಿ ಕಥಿ ಐತಂತ

ಮ್ಯಾಲ ಒಂದು ಕೆರಿ ಇತ್ತಂತ, ರಾಜನ ಮಗಳು ದಿನಾ ಅಲ್ಲೆ ಜಳಕ ಮಾಡಿ ಬಂಗಾರದ ತಂಬಿಗಿಯಾಗ ಹಾಲು ಕುಡಿತಿದ್ಲಂತ. ಒಂದಿನ ಗಿಡದ ಮರಿಗೆ ರಾಜಕುಮಾರ ಒಬ್ಬ ನಿಂತು ನೋಡೂದು ಕಂಡು, ಮಾನ ಮುಚ್ಚಾಕ ಅಕಿ ಗೆಳತ್ಯಾರು ಹಾಲನ್ನ ಪರದೆ ಹಂಗ ಸುರಿಸಿದ್ರು, ಅದ ಇವತ್ತಿಗೂ ಇಳಿತೈತಿ ಅಂತ ಕಥಿ. ಕಣ್ಣಿಗೆ ಕಾಣೂ ಕಾರಣ ಬ್ಯಾರೆ, ಬಂಡಿ ಮ್ಯಾಲ ಜಾರಿ ಚೂರು ಚೂರಾದ ನೀರಿನಾಗ ಗಾಳಿ ಗುಳ್ಳಿ ತುಂಬಿ ಬೆಳಕನ್ನ ಎಲ್ಲಾ ಕಡೆ ಚೆಲ್ಲತೈತಿ, ಅದಕ್ಕ ಬಿಳಿ. ಕೆಳಗ ಹೊಂಡದಾಗ ಅದ ನೀರು ಹಸರ ಕಾಣತೈತಿ.

ಅಂಥಾ ಕಾಡಿನಾಗ ರೈಲು ಯಾರು ಹಾಕಿದ್ರು?

ಗೋವಾ ಪೋರ್ಚುಗೀಸರ ಕೈಯಾಗ, ಈ ಕಡೆ ಬ್ರಿಟಿಷರು. ಮುರಗಾಂವ ಬಂದರಕ್ಕ ಘಟ್ಟದ ಮ್ಯಾಲಿನ ಮಾಲು ಇಳಸಬೇಕಿತ್ತು, ಅದಕ್ಕ ಇಬ್ಬರೂ ಒಪ್ಪಂದ ಮಾಡ್ಕೊಂಡು 1880ರ ದಶಕದಾಗ ಮೀಟರ್ ಗೇಜ್ ಹಳಿ ಹಾಕಿಸಿದ್ರು. ಕ್ಯಾಸಲ್ ರಾಕ್‌ದಿಂದ ಕುಳೆಂ ತನಕ 26 ಕಿಲೋಮೀಟರ್, 37 ಅಡಿ ಹೋದ್ರ ಒಂದ ಅಡಿ ಏರು. ರೈಲಿಗೆ ಅದು ಭಾಳ ಕಡಿದಾದ ಏರು, ಅದಕ್ಕ ಇವತ್ತಿಗೂ ಮ್ಯಾಲ ಹತ್ತೂ ಗಾಡಿಗೆ ಹೆಚ್ಚಿನ ಎಂಜಿನ್ ಹಚ್ಚಿ ನೂಕಿಸ್ತಾರ. ಕ್ಯಾಸಲ್ ರಾಕ್ ಗಡಿ ಸ್ಟೇಷನ್ ಆಗಿತ್ತು, ಕಸ್ಟಮ್ಸ್ ತಪಾಸಣಿ ಆಗತಿತ್ತು. 1961ರಾಗ ಗೋವಾ ಭಾರತಕ್ಕ ಸೇರಿತು, 1990ರ ದಶಕದಾಗ ಬ್ರಾಡ್ ಗೇಜ್ ಆತು. ಗಡಿ ಅಂದ್ರ ಏನು ಅಂತ ಗೊತ್ತಿದ್ದ ನಮ್ಮಂಥವರಿಗೆ ಆ ಸ್ಟೇಷನ್ ಪ್ಲಾಟ್‌ಫಾರ್ಮ್ ಮ್ಯಾಲ ನಿಂತ್ರ ಮನಸ್ಸಿಗೆ ಏನೋ ಆಗತೈತಿ.

ಎರಡನೇ ಹಳಿ ಹಾಕ್ತಾರಂತ ಸುದ್ದಿ ಇತ್ತಲ್ಲ, ಏನಾತು?

ಜೋಡಿ ಹಳಿ ಹಾಕಾಕ ಮೋಲೆಂ ಕಾಡಿನೊಳಗ ಗಿಡ ಕಡೀಬೇಕಾಗಿತ್ತು, ಗೋವಾದ ಮಂದಿ, ಹೆಚ್ಚಾಗಿ ಹುಡುಗರು, 2020ರಾಗ ದೊಡ್ಡ ಚಳವಳಿ ಮಾಡಿದ್ರು. 2022ರ ಮೇದಾಗ ಸುಪ್ರೀಂ ಕೋರ್ಟ್ ಕ್ಯಾಸಲ್ ರಾಕ್-ಕುಳೆಂ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗಿ ರದ್ದು ಮಾಡಿತು. ಗಾಡಿ ಹೆಚ್ಚಾದ್ರ ನಮಗ ಅನುಕೂಲ ಅನ್ನವರು ನಮ್ಮ ಕಡೆ ಇದ್ದಾರ. ನಾ ಒಪ್ಪಂಗಿಲ್ಲ. ಕಾಡು ಇದ್ದದ್ದಕ್ಕನ ಡಿಸೆಂಬರ್‌ದಾಗೂ ಆ ಬಂಡಿ ಮ್ಯಾಲ ನೀರು ಇಳಿತೈತಿ.

ಮಹಾದಾಯಿ ಜಗಳ ಅಂತಾರಲ್ಲ, ಅದು ಇದ ನೀರಾ?

ಒಂದ ನದಿ ಕುಟುಂಬ, ಬ್ಯಾರೆ ಕವಲು. ದೂಧಸಾಗರದ ನೀರು ಖಾಂಡೇಪಾರ ಹೊಳಿ ಆಗಿ ಮುಂದ ಮಾಂಡೋವಿ ಸೇರತೈತಿ, ಮಾಂಡೋವಿ ಅಂದ್ರ ನಮ್ಮ ಮಹಾದಾಯಿನ. ಜಗಳ ಇರೂ ಕಳಸಾ, ಬಂಡೂರಿ ಹಳ್ಳ ಖಾನಾಪುರ ತಾಲೂಕಿನಾಗ ಬ್ಯಾರೆ ಕಡೆ ಅದಾವು. 2018ರ ಆಗಸ್ಟ್‌ದಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ, ಗೋವಾಕ್ಕ 24, ಮಹಾರಾಷ್ಟ್ರಕ್ಕ 1.33 ಅಂತ ಹಂಚಿತು. ಜೀಪ್ ಡ್ರೈವರ್ ಜೋಡಿ ಈ ವಿಷಯ ತಗದು ವಾದಾ ಮಾಡಬ್ಯಾಡ್ರಿ, ಅವರಿಗೂ ಅದು ಮನಿ ನೀರು.

ಹತ್ತಿರ ಮತ್ತೇನು ನೋಡಬಹುದು?

ತಾಂಬಡಿ ಸುರ್ಲಾ ಮಹಾದೇವ ಗುಡಿ, ಮೋಲೆಂ ಕಡಿಂದ ಒಳಗ ಐತಿ. ಗೋವಾ ಕದಂಬರ ಕಾಲದ ಗುಡಿ, 12ನೇ ಶತಮಾನದ್ದು ಅಂತಾರ, ಕರಿ ಬಸಾಲ್ಟ್ ಕಲ್ಲಿನ್ಯಾಗ ಕಟ್ಟ್ಯಾರ. ಆ ಕಲ್ಲು ಸುತ್ತಮುತ್ತ ಸಿಗೂದಲ್ಲ, ಘಟ್ಟದ ಮ್ಯಾಲಿಂದ ಇಳಸಿ ತಂದದ್ದು. ಕಾಡಿನ ನಡುವ ಹಳ್ಳದ ದಂಡಿಗೆ ಒಂದ ಸಣ್ಣ ಗುಡಿ, ಒಳಗ ಹೋದ್ರ ಐಹೊಳಿ, ಲಕ್ಕುಂಡಿ ಕಡೆ ಗುಡಿ ನೋಡಿದವರಿಗೆ ಕಂಬದ ಕೆತ್ತನಿ ಗುರುತು ಹತ್ತತೈತಿ. ಜೀಪಿನ ದಿನ ಮಧ್ಯಾಹ್ನದ ಮ್ಯಾಲ ಅಲ್ಲಿಗೆ ಹೋಗ್ರಿ.

ಸರ್, ಅಷ್ಟೂ ನೀರು ಸಮುದ್ರಕ್ಕ ಹೋಗತೈತಿ ಅಂದ್ರ ವ್ಯರ್ಥ ಅಲ್ಲೇನ್ರಿ?

ಏಳನೇ ಇಯತ್ತೆ ಹುಡುಗ ಫಾಲ್ಸಿನ ಬುಡದಾಗ ನಿಂತ ಕೇಳಿದ್ದು. ಮನ್ಯಾಗ ಕೊಡ ಲೆಕ್ಕಾ ಹಾಕಿ ನೀರು ಬಳಸೂ ಹುಡುಗ ಹಂಗ ಕೇಳೂದು ಸಹಜ, ನನಗೂ ಮೊದಲನೇ ಸಲ ಹಂಗ ಅನಿಸಿತ್ತು. ಅವಗ ಹೇಳಿದ್ದನ್ನ ಇಲ್ಲೂ ಹೇಳ್ತೀನಿ. ಈ ನೀರು ಕೆಳಗ ಖಾಂಡೇಪಾರ ಹೊಳಿಯಾಗಿ ಹರಿಯೂವಾಗ ಓಪಾ ಅನ್ನೂ ಕಡೆ ಎತ್ತಿ ಶುದ್ಧ ಮಾಡಿ ಫೋಂಡಾ, ಪಣಜಿ ಕಡೆ ನಳಕ್ಕ ಬಿಡ್ತಾರ. ನೀವು ಹೊಂಡದಾಗ ಸಾಬಾಣಿ ಹಚ್ಚಿದ್ರ, ಗುಟಖಾ ಚೀಟಿ ಎಸದ್ರ ಅದು ಯಾರದೋ ಮನಿ ಕೊಡಕ್ಕ ಹೋಗತೈತಿ. ಉಳದ ನೀರು ಸಮುದ್ರದ ಬಾಯ್ಯಾಗ ಉಪ್ಪನ್ನ ಹಿಂದಕ ಸರಿಸತೈತಿ, ಅಲ್ಲಿನ ಗದ್ದಿ, ಕಾಂಡ್ಲಾ ಗಿಡ, ಮೀನದ ಮರಿ ಎಲ್ಲಾ ಅದರ ಮ್ಯಾಲ ಬದಕ್ತಾವು. ಮುಂದಿನ ಜೂನಿಗೆ ಸಮುದ್ರದ ನೀರ ಮತ್ತ ಮೋಡ ಆಗಿ ಘಟ್ಟಕ್ಕ ಬರತೈತಿ.

ಹುಡುಗ ಸ್ವಲ್ಪ ಹೊತ್ತು ಸುಮ್ಮನ ನಿಂತ. ಆಮ್ಯಾಲ ತನ್ನ ಬಾಟ್ಲಿಯೊಳಗ ಆ ನೀರು ತುಂಬ್ಕೊಂಡು, ಊರ ತನಕ ಮುಚ್ಚಳ ಬಿಚ್ಚದ ತಂದು, ಮನಿ ಮುಂದಿನ ಬೇವಿನ ಸಸಿಗೆ ಹಾಕ್ದ.